ಮಾಯಣ್ಣನನ್ನು ಆರಿಸಿದವರು

ತಾನಾಗಿ ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರಾದರೂ ಕೇಳಿದಾಗ ಹೇಳಿದರೆ? ಆದರೆ ಕೇಳುವವರು ಯಾರು? ಇದ್ದಿಲು ಪುಡಿಯಲ್ಲಿ ಹಲ್ಲುಜ್ಜುತ್ತ ಕರಿಬಸವಯ್ಯ ಇಷ್ಟನ್ನು ಯೋಚಿಸುವ ಹೊತ್ತಿಗೆ ಬೆರಳು ಒಂದೇ ಹಲ್ಲಿನ ಮೇಲೆ ನಿಂತುಬಿಟ್ಟಿತ್ತು.

"ಆ ಹಲ್ಲು ಸವೆದೋಯ್ತು, ಪಕ್ಕದ್ದಕ್ಕೆ ಹೋಗಿ" ಎಂದಳು ಹೆಂಡತಿ ಸರ್ವಮಂಗಳ, ಬಚ್ಚಲ ಬಾಗಿಲಲ್ಲಿ ನಿಂತು. "ಸಾಯಂಕಾಲ ಕಮಿಟಿ ಮೀಟಿಂಗು. ಇವತ್ತಾದ್ರೂ ಬಾಯಿ ಬಿಡ್ರೀ. ಮಾಯಣ್ಣನ್ನ ಟೀಮಿಗೆ ಹಾಕಿದ್ದು ನಾನು ಅಂತ ಒಂದು ಮಾತು. ಅಷ್ಟು ಹೇಳೋಕೆ ಏನು ಕಷ್ಟ?"

ಕರಿಬಸವಯ್ಯ ಬಾಯಿ ಮುಕ್ಕಳಿಸಿದ.

ಗುಡ್ಡದಪಾಳ್ಯದ ಹೈಸ್ಕೂಲಿನಲ್ಲಿ ಅವನು ಡ್ರಿಲ್ ಮೇಷ್ಟ್ರು. ಮೂರು ವರ್ಷದಿಂದ ಟೆಂಪರರಿ. ಬೇಸಿಗೆ ರಜೆ ಬಂದರೆ ಹುಡುಗರಿಗೆ ಖುಷಿ, ಅವನಿಗೆ ಸಂಬಳವಿಲ್ಲ. ಕೆಲಸ ಪರ್ಮನೆಂಟು ಮಾಡುವುದೋ ಬೇಡವೋ ಎಂದು ಇವತ್ತು ಸ್ಕೂಲಿನ ಕಮಿಟಿ ತೀರ್ಮಾನ ಮಾಡಬೇಕು. ನಿನ್ನೆ ತಾನೆ ಅವನ ಬ್ಯಾಸ್ಕೆಟ್‌ಬಾಲ್ ಟೀಮು ತಿಪಟೂರಿಗೆ ಹೋಗಿ ಗೆದ್ದು ಬಂದಿತ್ತು. ಗೆಲ್ಲಿಸಿದವನು ಮಾಯಣ್ಣ.

ಮಾಯಣ್ಣ ಸಿಕ್ಕಿದ್ದು ಹೀಗೆ. ಕರಿಬಸವಯ್ಯ ಒಂದು ದಿನ ಪರ್ಮನೆಂಟು ವಿಚಾರ ಮಾತಾಡಲು ಕಮಿಟಿ ಅಧ್ಯಕ್ಷ ವೀರಭದ್ರಯ್ಯನವರ ಮನೆಗೆ ಹೋಗಿದ್ದ. ಅಧ್ಯಕ್ಷರು ಒಳಗೆ ಮಲಗಿದ್ದರು. ಜಗಲಿಯ ಮೇಲೆ ಕೂತು ಕಾದ. ಅಂಗಳದಲ್ಲಿ ಒಂಬತ್ತನೇ ಕ್ಲಾಸಿನ ಮಾಯಣ್ಣ, ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಪೇರಿಸಿಡುವ ತೆಂಗಿನಕಾಯಿಗಳನ್ನು ಒಂದೊಂದಾಗಿ ಮೇಲಕ್ಕೆ ಎಸೆಯುತ್ತಿದ್ದ. ಅಟ್ಟದ ಕಿಂಡಿ ಒಂದು ಮೊರದಷ್ಟು ಅಗಲ. ಒಳಗೆ ಕೂತ ಕೂಲಿಯ ಕೆಂಪಕ್ಕ ಕಾಯಿ ಹಿಡಿದು ಸಾಲಿಗೆ ಇಡುತ್ತಿದ್ದಳು. ಮಾಯಣ್ಣ ಕಿಂಡಿಯ ಕಡೆ ನೋಡುತ್ತಲೂ ಇರಲಿಲ್ಲ. ಕೆಂಪಕ್ಕನ ಜೊತೆ ಅವಳ ಎಮ್ಮೆಯ ವಿಚಾರ ಮಾತಾಡುತ್ತಿದ್ದ. ಒಂದು ಕಾಯಿಯೂ ಕಿಂಡಿಯ ಅಂಚಿಗೆ ತಾಕಲಿಲ್ಲ. ಅಧ್ಯಕ್ಷರು ಏಳಲಿಲ್ಲ. ಕೆಲಸ ಕೇಳಲು ಹೋದವನು ಒಬ್ಬ ಆಟಗಾರನನ್ನು ತಲೆಯಲ್ಲಿಟ್ಟುಕೊಂಡು ವಾಪಸು ಬಂದ.

ಅವನಿಗೆ ಜಾಗ ಮಾಡಲು ಬಸವರಾಜುವನ್ನು ಬಿಡಬೇಕಾಯಿತು. ಬಸವರಾಜು ಅಧ್ಯಕ್ಷರ ಅಕ್ಕನ ಮಗ, ಸ್ಕೂಲಿಗೇ ಎತ್ತರದವನು. ಕೈ ಎತ್ತಿದರೆ ರಿಂಗು ಸಿಗುತ್ತಿತ್ತು. ಆದರೆ ಎತ್ತುತ್ತಿರಲಿಲ್ಲ.

ಶಿವಣ್ಣನ ಹೋಟೆಲಿನಲ್ಲಿ ನಿನ್ನೆಯ ಪಂದ್ಯ ಇನ್ನೂ ಮುಗಿದಿರಲಿಲ್ಲ. ಶಿವಣ್ಣ ದೋಸೆ ಮಗುಚುವ ಕೈಯಲ್ಲೇ ಮಾಯಣ್ಣನ ಕೊನೆಯ ಎಸೆತ ತೋರಿಸುತ್ತಿದ್ದ. ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು.

"ನಾನೇ ಕಣ್ರಪ್ಪಾ ಹೇಳಿದ್ದು! ಆ ಬಸವರಾಜು ಉದ್ದ ಇದಾನೆ, ಸರಿ. ಲೈಟುಕಂಬಾನೂ ಉದ್ದ ಐತೆ, ಅದಕ್ಕೂ ಚಡ್ಡಿ ಹಾಕಿ ಆಡುಸ್ತೀರಾ ಅಂದೆ. ಮಾಯಣ್ಣನ್ನ ಹಾಕಿ ಅಂದೆ. ಇಗೋ ಮೇಷ್ಟ್ರೇ ಬಂದ್ರು, ಕೇಳ್ರಿ ಬೇಕಾರೆ."

ಹೋದ ವಾರ ಇದೇ ಶಿವಣ್ಣ, "ಕಾಯಿ ಎಸೆಯೋನ್ನ ಕಟ್ಕೊಂಡು ತಿಪಟೂರಿಗೆ ಹೊಂಟಿದ್ದೀರಲ್ಲ, ಊರ ಮಾನ ಕಳೀಬೇಕು ಅಂತಾನಾ?" ಎಂದು ಕೇಳಿ, ಅವನ ಕಾಫಿಗೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದ. ಕರಿಬಸವಯ್ಯನಿಗೆ ಅದು ನೆನಪಿತ್ತು. ಬಾಯಿ ತೆರೆದ.

ಶಿವಣ್ಣ ಕಿವಿಯ ಹತ್ತಿರ ಬಗ್ಗಿದ. "ನಾನು ಕಮಿಟಿ ಮೆಂಬರು, ಮರೀಬೇಡಿ. ಒಂದು ಹೂಂ ಅನ್ನಿ. ಸಾಯಂಕಾಲ ನಿಮ್ಮ ಪರವಾಗಿ ನನ್ನ ಕೈ ಮೇಲೆ."

ಕಮಿಟಿಯಲ್ಲಿ ನಡೆಯುವುದು ಮೂರೇ ಕೈ: ಅಧ್ಯಕ್ಷರದು, ಹೆಡ್‌ಮಾಸ್ಟರರದು, ಶಿವಣ್ಣನದು. ಒಂದು ಹೂಂಗೆ ಒಂದು ಕೈ. ಕರಿಬಸವಯ್ಯ "ಹೂಂ" ಎಂದ. ಕಾಫಿಗೆ ಸಕ್ಕರೆ ಬಂತು. ಹೋದ ವಾರದ್ದೂ ಸೇರಿ ಬಂದಿರಬೇಕು, ಚಮಚ ಲೋಟದಲ್ಲಿ ನೆಟ್ಟಗೆ ನಿಂತಿತು.

ಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಹೆಡ್‌ಮಾಸ್ಟರ್ ಸದಾಶಿವಯ್ಯನವರು ಅವನನ್ನು ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಕರಿಬಸವಯ್ಯ, ಮಾಯಣ್ಣನ ವಯಸ್ಸಿನವರೆಲ್ಲ ಸ್ಕೂಲು ಬಿಟ್ಟು ಹೋದ್ರು. ಅವನು ಯಾಕೆ ಇನ್ನೂ ಇದ್ದಾನೆ?"

"ಒಂಬತ್ತನೇ ಕ್ಲಾಸಲ್ಲಿ ಫೇಲಾಗಿ ಸಾರ್."

"ಫೇಲು ಮಾಡಿದ್ದು ಯಾರು?"

"ತಾವೇ ಸಾರ್."

"ಮತ್ತೆ!" ಹೆಡ್‌ಮಾಸ್ಟರು ಕುರ್ಚಿಗೆ ಒರಗಿದರು. "ನೀವು ಆಟಗಾರನ್ನ ಒಂದು ದಿನದಲ್ಲಿ ಆರಿಸಿದ್ರಿ. ನಾನು ಮೂರು ವರ್ಷದಿಂದ ಆರಿಸ್ತಾ ಬಂದಿದ್ದೀನಿ. ಪಾಸು ಮಾಡಿದ್ರೆ ಇವತ್ತು ಟೀಮೆಲ್ಲಿರ್ತಿತ್ತು? ಈ ಮಾತು ನನ್ನ ಬಾಯಲ್ಲಿ ಬಂದ್ರೆ ಚೆನ್ನಾಗಿರಲ್ಲ. ಮೀಟಿಂಗಲ್ಲಿ ನಾನು ನಿಮ್ಮ ಮುಖ ನೋಡ್ತೀನಿ. ನೀವು ಹೌದು ಅನ್ನಿ. ನಿಮ್ಮ ವಿಚಾರಕ್ಕೆ ನಾನು ಹೌದು ಅಂತೀನಿ."

ಮೂರು ವರ್ಷ ಫೇಲಾಗುವಾಗ ಮಾಯಣ್ಣನಿಗೆ ಇದು ಗೊತ್ತಿದ್ದಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ ಎಂದು ಕರಿಬಸವಯ್ಯನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಒಳಗೇ ಇಟ್ಟುಕೊಂಡು ಹೌದು ಎಂದ. ಎರಡು ಕೈ ಆಯಿತು.

ಮಧ್ಯಾಹ್ನ ಅಧ್ಯಕ್ಷರಿಂದ ಕರೆ ಬಂತು. ವೀರಭದ್ರಯ್ಯನವರು ಕೊಬ್ಬರಿ ಚೀಲಗಳ ನಡುವೆ ಕೂತು ದುಃಖದಲ್ಲಿದ್ದರು.

"ನಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದ್ದಾಳೆ ಮೇಷ್ಟ್ರೇ. ಯಾತಕ್ಕೆ? ಸ್ವಂತ ಅಕ್ಕನ ಮಗನ್ನ ಟೀಮಿಂದ ತೆಗೆಸಿದೆ, ಅದಕ್ಕೆ. ಇಷ್ಟು ನೋವು ತಿಂದೋನು ನಾನು. ಹೆಸರು ಇನ್ನೊಬ್ಬರಿಗೆ ಹೋದ್ರೆ ಆ ನೋವು ದಂಡ ಆಗಲ್ವಾ?"

ಹೋದ ವಾರ ಇವರು ಇದೇ ಚೀಲದ ಮೇಲೆ ಕೈಯಿಟ್ಟು ಹೇಳಿದ್ದು ಬೇರೆ: "ನಮ್ಮ ಬಸವರಾಜುನ ಬಿಟ್ಟು ಹೋಗ್ತಿದ್ದೀರಿ. ಗೆದ್ರೆ ಈ ಊರಿಗೆ ಬನ್ನಿ. ಸೋತ್ರೆ ತಿಪಟೂರಿಂದ ಹಂಗೇ ನಿಮ್ಮೂರ ಬಸ್ಸು ಹತ್ತಿ." ಪಂದ್ಯ ಮುಗಿಯುವವರೆಗೂ ಕರಿಬಸವಯ್ಯನ ಜೇಬಿನಲ್ಲಿ ಚಿಕ್ಕನಾಯಕನಹಳ್ಳಿ ಬಸ್ಸಿನ ಚಾರ್ಜು ಬೇರೆಯಾಗಿಯೇ ಇತ್ತು.

"ನೀವು ಏನಂತೀರಿ?" ಎಂದರು ಅಧ್ಯಕ್ಷರು. "ಪರ್ಮನೆಂಟು ವಿಚಾರ ನನಗೆ ಬಿಡಿ."

"ಹೌದು, ತಾವೇ" ಎಂದ ಕರಿಬಸವಯ್ಯ. ಮೂರೂ ಕೈ ಆಯಿತು. ತಾನು ಬಾಯಿ ಬಿಡದೆಯೇ ಕೆಲಸವಾಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು. ಮಾತಿಗಿಂತ ಮೌನ ವಾಸಿ ಎಂದು ಸರ್ವಮಂಗಳಳಿಗೆ ತೋರಿಸಿಕೊಡಬಹುದು.

ಸಾಯಂಕಾಲ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಮೀಟಿಂಗು ಸೇರಿತು. ಕರಿಬಸವಯ್ಯ ಕಂಬಕ್ಕೆ ಒರಗಿ ನಿಂತ.

"ಈ ಗೆಲುವಿಗೆ ನಾನು ಮಾಡಿದ ತ್ಯಾಗ..." ಎಂದು ಅಧ್ಯಕ್ಷರು ಶುರು ಮಾಡಿದರು.

"ತ್ಯಾಗ ಸರಿ, ಆದ್ರೆ ಐಡಿಯಾ ನಂದು" ಎಂದ ಶಿವಣ್ಣ.

"ಐಡಿಯಾ ಬರೋಕೆ ಹುಡುಗ ಸ್ಕೂಲಲ್ಲಿ ಇರ್ಬೇಕಲ್ರೀ" ಎಂದರು ಹೆಡ್‌ಮಾಸ್ಟರು.

"ಏನ್ ಸಾಮಿ, ಫೇಲ್ ಮಾಡಿದ್ದೂ ಒಂದು ಘನಕಾರ್ಯವಾ? ಹಂಗಾದ್ರೆ ಅರ್ಧ ಊರಿಗೆ ನೀವು ಉಪಕಾರ ಮಾಡಿದ್ದೀರಿ!"

"ಶಿವಣ್ಣ, ನೀನು ದೋಸೆ ವಿಚಾರ ಮಾತಾಡು."

"ನನ್ನ ದೋಸೆ ತಿಂದೇ ಕಣ್ರೀ ಆ ಹುಡುಗ್ರು ಆಡಿದ್ದು!"

"ಅದಕ್ಕೇ ಕಮ್ಮಿ ಅಂತರದಲ್ಲಿ ಗೆದ್ದಿದ್ದು" ಎಂದರು ಅಧ್ಯಕ್ಷರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಜಗಳ ಯಾಕೆ? ಮೇಷ್ಟ್ರು ಇದ್ದಾರೆ. ಹೇಳಿ ಮೇಷ್ಟ್ರೇ, ಆರಿಸಿದ್ದು ನಾನು ತಾನೇ?"

"ಹೌದು."

"ನಾನಲ್ವಾ? ಬೆಳಗ್ಗೆ ಹೂಂ ಅಂದ್ರಿ!"

"ಹೂಂ."

ಹೆಡ್‌ಮಾಸ್ಟರು ಏನೂ ಕೇಳದೆ ಅವನ ಮುಖ ನೋಡಿದರು.

"ಹೌದು ಸಾರ್."

ಕಾಫಿ ತಟ್ಟೆ ಹಿಡಿದು ಬಂದ ಅಧ್ಯಕ್ಷರ ಹೆಂಡತಿ ದ್ರಾಕ್ಷಾಯಣಮ್ಮ ಅಲ್ಲೇ ನಿಂತು, ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲಿ ಕೇಳಿದರು: "ಎಲ್ಲಾ ನೀವುಗಳೇ ಆರಿಸಿದ್ರೆ ಈ ಮೇಷ್ಟ್ರು ಏನು ಮಾಡಿದ್ರು?"

ಮೂವರೂ ಅವನ ಕಡೆ ತಿರುಗಿದರು. ದಿನವಿಡೀ ಕಾದಿದ್ದ ಪ್ರಶ್ನೆ ಇದೇ. ಒಂದು ವಾಕ್ಯ ಸಾಕಿತ್ತು. ಆದರೆ ಆ ಒಂದು ವಾಕ್ಯ ಹೇಳಿದರೆ ಮೂವರು ಹಿರಿಯರು ಸುಳ್ಳುಗಾರರಾಗುತ್ತಿದ್ದರು. ಅವರ ಜೊತೆ ಮೂರು ಸಲ ಹೌದು ಎಂದ ತಾನೂ. ಕರಿಬಸವಯ್ಯ ಯೋಚಿಸುತ್ತ ನಿಂತ. ಕಾಫಿ ಕೆನೆಗಟ್ಟಿತು.

"ವಿಷಲ್ ಊದಿದ್ರು" ಎಂದ ಶಿವಣ್ಣ, ಸಹಾಯ ಮಾಡುವವನಂತೆ.

ಅಲ್ಲಿಂದ ಮುಂದೆ ಮೀಟಿಂಗು ಸಲೀಸಾಗಿ ನಡೆಯಿತು. ಟೀಮು ಆರಿಸಲು ಮೂವರ ಸೆಲೆಕ್ಷನ್ ಕಮಿಟಿ ಆಯಿತು. ವಿಷಲ್ ಊದುವುದಕ್ಕೂ ಚೆಂಡಿಗೆ ಗಾಳಿ ಹೊಡೆಯುವುದಕ್ಕೂ ಟೆಂಪರರಿ ಮೇಷ್ಟ್ರೇ ಸಾಕು ಎಂದು ಎಲ್ಲರೂ ಒಪ್ಪಿದರು. ಮೂರು ಕೈಗಳೂ ಮೇಲೆದ್ದವು. ಜಿಲ್ಲಾ ಪಂದ್ಯದವರೆಗೆ ಮಾಯಣ್ಣ ಕೈ ದಣಿಸಬಾರದು ಎಂದೂ ತೀರ್ಮಾನವಾಯಿತು.

"ಹಂಗಾದ್ರೆ ಅಟ್ಟಕ್ಕೆ ಕಾಯಿ ಎಸೆಯೋರು ಯಾರು?" ಎಂದರು ದ್ರಾಕ್ಷಾಯಣಮ್ಮ. "ಅಂಗಳದ ತುಂಬ ಬಿದ್ದದೆ."

ಮತ್ತೆ ಎಲ್ಲರೂ ಅವನ ಕಡೆ ನೋಡಿದರು.

ಹೊತ್ತು ಮುಳುಗುವ ಮುಂಚೆ ಕರಿಬಸವಯ್ಯ ಪ್ಯಾಂಟು ಮಡಿಸಿಕೊಂಡು ಅಂಗಳದಲ್ಲಿ ನಿಂತಿದ್ದ. ಮೊದಲ ಕಾಯಿ ಗೋಡೆಗೆ ಬಿತ್ತು. ಎರಡನೆಯದು ಹೆಂಚಿಗೆ. "ಮೇಷ್ಟ್ರೇ, ಕಿಂಡಿ ಇಲ್ಲೈತೆ" ಎಂದು ಕೆಂಪಕ್ಕ ತಲೆ ಹೊರಹಾಕಿ ತೋರಿಸಿ, ಪಟ್ಟನೆ ಒಳಗೆಳೆದುಕೊಂಡಳು. ಜಗಲಿಯ ಮೇಲೆ, ಅವನು ಅವತ್ತು ಕೂತಿದ್ದ ಜಾಗದಲ್ಲೇ, ಮಾಯಣ್ಣ ಬಲಗೈಗೆ ಟವಲು ಸುತ್ತಿಕೊಂಡು ಎಡಗೈಯಲ್ಲಿ ಕಡಲೆಪುರಿ ತಿನ್ನುತ್ತಿದ್ದ.

"ಸಾ, ಒಂದು ಕೇಳ್ಲಾ? ನನ್ನ ಹಾಕ್ಸಿದ್ದು ನಾನೇ ಅಂತ ಅಧ್ಯಕ್ಷರೂ ಬಂದು ಹೇಳುದ್ರು, ಶಿವಣ್ಣನೂ ಹೇಳುದ್ರು, ಹೆಡ್‌ಮಾಸ್ಟ್ರೂ ಹೇಳುದ್ರು. ಮೂರು ಜನಕ್ಕೂ ಕಾಲಿಗೆ ಬಿದ್ದೆ. ನೀವೊಬ್ರೇ ಬ್ಯಾಡ ಅಂದಿದ್ರಂತಲ್ಲ, ಯಾಕೆ ಸಾ?"

ಕರಿಬಸವಯ್ಯ ಕೈಯಲ್ಲಿದ್ದ ಕಾಯಿಯನ್ನು ನೋಡಿದ. ಆಮೇಲೆ ಕಿಂಡಿಯ ಕಡೆ ನೋಡದೆ ಎಸೆದ. ಅದು ಅಂಚಿಗೂ ತಾಕದೆ ನೇರ ಒಳಕ್ಕೆ ಹೋಯಿತು.

"ಆಹಾ!" ಪಡಸಾಲೆಯ ಬಾಗಿಲಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಧ್ಯಕ್ಷರು ಉದ್ಗರಿಸಿದರು. "ನೋಡಿದ್ರಾ? ಈ ಕೆಲಸಕ್ಕೆ ಇವರೇ ಸರಿ ಅಂತ ನಾನೇ ಅಂದಿದ್ದು."

"ಅಂದಿದ್ದು ನಾನಲ್ವಾ?" ಎಂದ ಶಿವಣ್ಣ.

"ಸ್ಕೂಲಿಗೆ ತಗೊಂಡಿದ್ದು ಯಾರು ಇವರನ್ನ?" ಎಂದರು ಹೆಡ್‌ಮಾಸ್ಟರು.

ಕರಿಬಸವಯ್ಯ ಬಗ್ಗಿ ಇನ್ನೊಂದು ಕಾಯಿ ಎತ್ತಿಕೊಂಡ.