ಖಾಲಿ ಪಾತ್ರೆ ಹಿಂದಿರುಗಿಸಬಾರದು

ನೆರೆಹೊರೆಯ ನಡುವೆ ಪಾತ್ರೆಗಳು ಓಡಾಡುವ ನಮ್ಮ ಬಿಜೂರಿನಲ್ಲಿ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನನ್ನ ಮನೆಯ ಒಂದು ಬದಿಗೆ ಮೂಡುಮನೆ, ಇನ್ನೊಂದು ಬದಿಗೆ ಪಡುಮನೆ. ಹಿಂಬದಿಯಲ್ಲಿ ಇಬ್ಬರ ತೋಟವೂ ಕೂಡುವ ಬೇಲಿಗೆ ಬಾಗಿದ ಒಂದು ತೆಂಗಿನ ಮರದ ಕಾರಣಕ್ಕೆ ಆ ಎರಡು ಮನೆಯ ಅಕ್ಕಂದಿರಿಗೆ ಎರಡು ವರ್ಷದಿಂದ ಮಾತಿಲ್ಲ. ಎಲ್ಲರೊಡನೆ ಸಮಾಧಾನದಿಂದಿರಬೇಕು ಎಂಬ ದೇವರ ವಾಕ್ಯವನ್ನು ನನ್ನ ಹೆಂಡತಿ ತೀರಾ ಅಕ್ಷರಶಃ ನಂಬಿದವಳು. ಅವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಕಳೆದ ವರ್ಷ ಅವಳು ತೀರಿಕೊಂಡಳು. ಆಸೆ ನನಗೆ ಉಳಿಯಿತು.

೧

ಅವಳು ಹೋದ ಮೇಲೆ ಎರಡೂ ಮನೆಯಿಂದ ಊಟದ ಪದಾರ್ಥ ಬರತೊಡಗಿತು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಕ್ರಮ ನಮ್ಮಲ್ಲಿಲ್ಲ. ಅಡುಗೆಯಲ್ಲಿ ನನಗೆ ಬರುವುದು ಗಂಜಿ ಬೇಯಿಸುವುದು ಮಾತ್ರ. ಮೊದಲ ದಿನ ಮನೆಯೆಲ್ಲ ಹುಡುಕಿ, ಮೂಡುಮನೆಯ ಪಾತ್ರೆಯನ್ನು ತೊಳೆದು ಒರೆಸಿ, ಅದರಲ್ಲಿ ಒಂದು ಹೊಸ ಸೀಮೆಸುಣ್ಣದ ಪೆಟ್ಟಿಗೆ ಇಟ್ಟು ಕೊಟ್ಟುಬಂದೆ.

ಮರುಕ್ಷಣವೇ ಬೇಲಿಯಾಚೆಯಿಂದ ಕೂಗು: "ಹ್ವಾಯ್ ಮಾಷ್ಟ್ರೇ, ಇದಕ್ಕೆ ಒಗ್ಗರಣಿ ಹಾಕ್ಕಾ, ಹಾಂಗೇ ತಿನ್ಕಾ?"

೨

ಆಮೇಲೆ ಬುದ್ಧಿ ಬಂತು. ಮೂಡುಮನೆಯ ಸೌತೆಕಾಯಿ ಹುಳಿಯಲ್ಲಿ ಅರ್ಧವನ್ನು ಪಡುಮನೆಯ ಪಾತ್ರೆಗೆ ಹಾಕಿದೆ. ಪಡುಮನೆಯ ಕೆಸುವಿನೆಲೆಯ ಪತ್ರೊಡೆಯಲ್ಲಿ ಅರ್ಧವನ್ನು ಮೂಡುಮನೆಯ ಪಾತ್ರೆಗೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಇಬ್ಬರೂ ಹೊಗಳಿದರು.

"ಹುಳಿ ಭಾರೀ ಲಾಯ್ಕಿತ್ತ್. ನೀವೇ ಮಾಡದ್ದಾ ಮಾಷ್ಟ್ರೇ?" ಎಂದು ಪಡುಮನೆಯ ಅಕ್ಕ ಕೇಳಿಯೇಬಿಟ್ಟರು.

ಮೇಷ್ಟ್ರಾದವನು ಸುಳ್ಳು ಹೇಳಬಾರದು.

"ಬಿಸಿ ಮಾಡಿದ್ದು ನಾನೇ" ಎಂದೆ.

೩

ತೆನೆಹಬ್ಬ ಬಂತು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆ ತಂದು ಎರಡೂ ಮನೆಗೆ ಕೊಟ್ಟೆ, ಊಟಕ್ಕೂ ಕರೆದೆ. ಹೆಂಡತಿ ಕರೆದಾಗ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಿದ್ದರು. ನಾನು ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಸದೆ ಇಬ್ಬರಿಗೂ ಒಂದೇ ಹೊತ್ತು ಹೇಳಿದ್ದೆ. ನನ್ನ ಅಡುಗೆಯ ಮೇಲೆ ನಂಬಿಕೆ ಸಾಲದೆ ಇಬ್ಬರೂ ಪಾತ್ರೆ ಹಿಡಿದೇ ಬಂದರು. ನಾಲ್ಕು ಬಾಳೆಲೆ ಹಾಕಿ, ಒಂದು ತೀರಿಕೊಂಡ ಹೆಂಡತಿಯ ಹೆಸರಿಗೆ, ಅವರು ತಂದದ್ದನ್ನೇ ಬಡಿಸಿದೆ. ಅಕ್ಕಂದಿರು ಆ ತುದಿಗೊಬ್ಬರು, ಈ ತುದಿಗೊಬ್ಬರು ಮುಖ ತಿರುಗಿಸಿ ಕುಳಿತರು.

ಪಡುಮನೆಯವರು ಒಂದು ತುತ್ತು ಬಾಯಿಗಿಟ್ಟು, "ಇದ್ ಮಾಷ್ಟ್ರ ಹುಳಿ!" ಎಂದರು.

"ಮಾಷ್ಟ್ರದ್ದಾ? ಅದ್ ನಂದ್!" ಎಂದರು ಮೂಡುಮನೆಯವರು. ಅಷ್ಟರಲ್ಲಿ ಅವರ ಕಣ್ಣು ಎಲೆಯಲ್ಲಿದ್ದ ಪತ್ರೊಡೆಯ ಮೇಲೆ ಬಿತ್ತು. "ಹಾಂಗಾರೆ ಈ ಪತ್ರೊಡಿ?"

"ನಂದ್."

ಎರಡು ವರ್ಷಗಳಲ್ಲಿ ಅದು ಅವರ ಮೊದಲ ಮಾತುಕತೆ. ನಾನು ಮನಸ್ಸಿನಲ್ಲೇ ದೇವರಿಗೆ ವಂದನೆ ಹೇಳುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ಬೈಗುಳದಲ್ಲಿ ಅಂಥ ಐಕ್ಯವನ್ನು ನಾನು ಕಂಡಿರಲಿಲ್ಲ.

"ನಂಗ್ ಮೊದ್ಲ್ ದಿನ ಎಂತ ಕೊಟ್ರ್ ಗೊತ್ತಿತ್ತಾ? ಸೀಮೆಸುಣ್ಣ!" ಮೂಡುಮನೆಯವರು ನಗುತ್ತಾ ಎಲೆಯ ಸಮೇತ ಪಡುಮನೆಯವರ ಪಕ್ಕಕ್ಕೇ ಸರಿದರು.

ಪಡುಮನೆಯವರು ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು.

"ಇವ್ರಿಗ್ ಮಾತ್ರ ಕೊಟ್ರ್ಯಾ? ನಂಗಿಲ್ಯಾ?"