ಪ್ರಫುಲ್ಲಭಾಯಿಯ ಟಿ.ವಿ. ಗೂಡು

“ಅಮ್ಮ ದ್ವಾರಕೆಯಿಂದ ಬರೋದ್ರೊಳಗೆ ಈ ನಡುಮನೆ ಎರಡರಷ್ಟು ಮಾಡ್ತೀನಿ, ನೋಡ್ತಾ ಇರು!” ಎಂದು ಪ್ರಫುಲ್ಲಭಾಯಿ ಘೋಷಿಸಿದಾಗ ಅವರ ಕೈಯಲ್ಲಿ ಚಹಾದ ಸಾಸರ್ ಇತ್ತು, ಮುಖದಲ್ಲಿ ಕೋಟೆ ಗೆಲ್ಲಲು ಹೊರಟ ದಂಡನಾಯಕನ ಕಳೆಯಿತ್ತು.

“ಗೋಡೆಗಳು ಎಲ್ಲಿಗೆ ಹೋಗ್ತವಂತೆ?” ಹೆಂಡತಿ ಛಾಯಾ ಕೇಳಿದಳು.

“ದೊಡ್ಡದಾಗಿ ಕಾಣುತ್ತೆ ಕಣೇ! ಬಿಳಿ ಬಣ್ಣ, ಹೊಳೆಯೋ ಟೈಲ್ಸು, ಟಿ.ವಿ. ಗೋಡೆಯೊಳಗೇ!”

ಅಹಮದಾಬಾದಿನ ಹಳೇ ಪೇಟೆಯ, ಒಂದೇ ಹೆಬ್ಬಾಗಿಲಿನ ಇಕ್ಕಟ್ಟು ಓಣಿಯಾದ ಆ ಪೋಳ್‌ನಲ್ಲಿ ಮನೆಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿವೆ. ಯಾತ್ರೆಗೆ ಹೊರಡುವಾಗ ತಾಯಿ ಸವಿತಾಬಾ ಎರಡೇ ಷರತ್ತು ಹಾಕಿದ್ದರು. ನಡುಮನೆಯ ತೊಲೆಗೆ ತೂಗುಹಾಕಿದ ತಮ್ಮ ಉಯ್ಯಾಲೆಯನ್ನು ಯಾರೂ ಮುಟ್ಟಕೂಡದು. ಪಕ್ಕದ ಮನೆಯ ಮಂಗುಬೆನ್ ಹತ್ತಿರ ಒಂದು ಮೊಳೆಯನ್ನೂ ಎರವಲು ತರಕೂಡದು.

ಮಂಗುಬೆನ್ ಮಾಡಿದ ಅಪರಾಧ ಸಣ್ಣದಲ್ಲ. ಒಂದು ಬೇಸಿಗೆಯಲ್ಲಿ ತಾರಸಿಯ ಮೇಲೆ ಆಕೆ ತಮ್ಮ ಭರಣಿಗೆ ಜಾಗ ಮಾಡಲು ಸವಿತಾಬಾ ಅವರ ಛುಂದೋ ಉಪ್ಪಿನಕಾಯಿಯ ಭರಣಿಯನ್ನು ನೆರಳಿಗೆ ಸರಿಸಿಬಿಟ್ಟಿದ್ದರು! ಬಿಸಿಲಿನಲ್ಲೇ ಪಾಕವಾಗಬೇಕಾದ ಮಾವಿನ ತುರಿ ಸಕ್ಕರೆ ಸಮೇತ ಬೂಸ್ಟು ಹಿಡಿಯಿತು. ಹಾಗೆ ಮುರಿದ ಗೆಳೆತನ ಮತ್ತೆ ಕೂಡಲಿಲ್ಲ. ಈಗಲೂ ಯಾರಾದರೂ ಆ ಹೆಸರೆತ್ತಿದರೆ ಸವಿತಾಬಾ ಊಟದ ತಟ್ಟೆ ಸರಿಸಿ ಎದ್ದುಬಿಡುತ್ತಾರೆ, ಆಮೇಲೆ ರಕ್ತದೊತ್ತಡ ಏರಿತೆಂದು ಡಾಕ್ಟರ ಮನೆಗೆ ಓಡಬೇಕು.

ಟೈಲ್ಸು ಕೂತವು, ಬಣ್ಣವೂ ಆಯಿತು. ಉಯ್ಯಾಲೆಗೆ ಎದುರಾಗಿ, ಮಂಗುಬೆನ್ ಮನೆ ಕಡೆಯ ಗೋಡೆಯಲ್ಲಿ ಗೂಡು ಕೊರೆದು, ಸೋದರಳಿಯನ ಮದುವೆಯೆಂದು ಮೇಸ್ತ್ರಿ ಹೊರಟುಹೋದ. ಟಿ.ವಿ. ಇಟ್ಟು ನೋಡಿದರೆ ಎರಡು ಬೆರಳಿನಷ್ಟು ಮುಂದಕ್ಕೆ ಚಾಚಿತ್ತು.

“ಚಾಚ್ಕೊಳ್ಳಲಿ ಬಿಡ್ರೀ. ನಿಮ್ಮ ಹೊಟ್ಟೆ ಅದಕ್ಕಿಂತ ಮುಂದಿದೆ, ನಾನೇನಾದ್ರೂ ಅಂದ್ನಾ?”

“ಕೊಡು ಸುತ್ತಿಗೆ! ಹಳೇ ಕಾಲದ ಮನೆಗಳು. ಅವರದ್ದೊಂದು ಗೋಡೆ, ನಮ್ಮದೊಂದು ಗೋಡೆ. ಮೊಳ ದಪ್ಪ ಇರುತ್ತೆ!”

“ಆಕೆ ಒಗ್ಗರಣೆ ಹಾಕಿದ್ರೆ ಸಾಸಿವೆ ಸಿಡಿಯೋದು ನನಗೆ ಕೇಳುತ್ತೆ. ಎರಡು ಗೋಡೆ ಎಲ್ಲಿಂದ ಬಂತು?”

ಪ್ರಫುಲ್ಲಭಾಯಿ ಉಳಿ ಇಟ್ಟು ಹೊಡೆದರು. ಧೂಳು ಬಂತು. ಮತ್ತೆ ಹೊಡೆದರು. ಇಟ್ಟಿಗೆಯೊಂದು ಬಿತ್ತು, ಆದರೆ ಈ ಕಡೆ ಬೀಳಲಿಲ್ಲ. ಆಚೆಯಿಂದ ಸ್ಟೀಲ್ ಪಾತ್ರೆ ಉರುಳಿದ ಸದ್ದಾಯಿತು. ಆಮೇಲೆ ಆ ಕಿಂಡಿಯಲ್ಲಿ ಕನ್ನಡಕ ಹಾಕಿದ ಒಂದು ಕಣ್ಣು ಕಾಣಿಸಿಕೊಂಡಿತು.

“ಯಾರೋ ಅದು?”

“ನಾನೇ ಮಾಸಿ... ಪ್ರಫುಲ್ಲ.”

“ಬಾಗಿಲು ಓಣಿ ಕಡೆ ಇದೆಯಲ್ಲೋ!”

ಗಾಬರಿಯಲ್ಲಿ ಪಕ್ಕದ ಇಟ್ಟಿಗೆ ಹಿಡಿದುಕೊಂಡರೆ ಅದೂ ಕೈಗೆ ಬಂತು. ಅದನ್ನೇ ನಂಬಿ ಕೂತಿದ್ದ ಮೇಲಿನ ಸಾಲೂ ಇಳಿಯಿತು. ಧೂಳು ಅಡಗಿದಾಗ ಮಂಗುಬೆನ್ ಅವರ ನಡುಮನೆ ಪೂರ್ತಿ ಕಾಣುತ್ತಿತ್ತು. ಅಲ್ಲೂ ಒಂದು ಉಯ್ಯಾಲೆ, ಇಲ್ಲಿಯದಕ್ಕೆ ಸರಿಯಾಗಿ ಮುಖಾಮುಖಿ!

ಆಗಲೇ ಫೋನು ಬಡಿದುಕೊಂಡಿತು, ಅಮ್ಮನದು. “ಜೊತೆಯವರ ಕಾರಲ್ಲಿ ಬಂದ್ಬಿಟ್ಟೆ ಮಗಾ. ಪೋಳ್ ಬಾಗಿಲಲ್ಲಿದ್ದೀನಿ.”

ಪ್ರಫುಲ್ಲಭಾಯಿ ಟಿ.ವಿ.ಗೆ ಕೈ ಹಾಕಿದರು. “ಮಾಸಿ, ಕೈ ಮುಗಿತೀನಿ, ಉಸಿರೆತ್ತಬೇಡಿ!”

“ನನ್ನ ಮನೇಲಿ ಉಸಿರಾಡೋಕೂ ನಿನ್ನ ಅಪ್ಪಣೆ ಬೇಕೇನೋ?” ಮಂಗುಬೆನ್ ತಮ್ಮ ಉಯ್ಯಾಲೆಯ ಮೇಲೆ ಕೈಕಟ್ಟಿ ಕೂತರು.

ಸವಿತಾಬಾ ಒಳಗೆ ಬಂದಾಗ ಮಗ ಎರಡೂ ಕೈಯಲ್ಲಿ ಟಿ.ವಿ.ಯನ್ನು ಗೋಡೆಗೆ ಅದುಮಿ ಹಿಡಿದು ಹಲ್ಲು ಕಿರಿಯುತ್ತಿದ್ದ. ಅವರು ಟೈಲ್ಸನ್ನು ಕಾಲಿನಿಂದ ಉಜ್ಜಿ ನೋಡಿದರು. ಸೊಸೆಯ ಕೈಯಿಂದ ನೀರು ಇಸಿದುಕೊಂಡು ಕುಡಿದರು. ನಿಧಾನವಾಗಿ ಉಯ್ಯಾಲೆಯಲ್ಲಿ ಕೂತರು.

ಅಷ್ಟರಲ್ಲಿ ಟಿ.ವಿ. ಸೀನಿತು!

“ಅದು ಆನ್ ಆಗೇ ಇಲ್ವಲ್ಲೋ?”

“ಹೊಸ... ಹೊಸ ಮಾಡೆಲ್ಲು ಅಮ್ಮ.”

“ಇಳಿಸು ಕೆಳಗೆ.”

ಇಳಿಸಿದರು. ಎರಡು ಉಯ್ಯಾಲೆಗಳೂ ನಿಂತವು. ಛಾಯಾ ಮೆಲ್ಲಗೆ ಮಾತ್ರೆಯ ಡಬ್ಬಿಗೆ ಕೈ ಹಾಕಿದಳು. ಸವಿತಾಬಾ ನೋಡಿದರು, ನೋಡುತ್ತಲೇ ಇದ್ದರು.

“ಸೊರಗಿ ಹೋಗಿದ್ದೀಯಲ್ಲೇ ಮಂಗು?”

“ಮಂಡಿ ಹೋಯ್ತು. ಮೆಟ್ಟಿಲು ಇಳಿಯೋಕಾಗಲ್ಲ, ತಾರಸಿ ಹತ್ತೋಕಾಗಲ್ಲ.” ಮಂಗುಬೆನ್ ಕನ್ನಡಕ ಒರೆಸಿಕೊಂಡರು. “ನಿನ್ನ ಉಯ್ಯಾಲೆ ಕಿರುಗುಟ್ಟೋದು ಕೇಳ್ತಾ ಇರ್ತೀನಿ. ಈ ವಾರ ಕೇಳಿಸ್ಲಿಲ್ಲ. ಭಯ ಆಗಿತ್ತು ಕಣೇ.”

ಸವಿತಾಬಾ ಚೀಲದಿಂದ ದ್ವಾರಕೆಯ ಪ್ರಸಾದ ತೆಗೆದು, ಎದ್ದುಹೋಗಿ, ಟಿ.ವಿ. ಇರಬೇಕಾದ ಜಾಗದಲ್ಲಿ ಕೈ ಚಾಚಿದರು. ಪ್ರಫುಲ್ಲಭಾಯಿಗೆ ಹೋದ ಜೀವ ಬಂತು.

“ನಾಳೆ ಬೆಳಿಗ್ಗೇನೇ ಇದನ್ನ ಮುಚ್ಚಿಸಿಬಿಡ್ತೀನಮ್ಮ.”

“ಮುಟ್ಟಿದ್ರೆ ನೋಡು!” ಎರಡೂ ಮನೆಗಳಿಂದ ಒಟ್ಟಿಗೆ ಗದರಿಕೆ ಬಂತು.

“ಮತ್ತೆ ನನ್ನ ಟಿ.ವಿ.?”

ಅಷ್ಟರಲ್ಲಿ ಮಂಗುಬೆನ್ ಎದ್ದು ಬಂದು ಪ್ರಸಾದ ತೆಗೆದುಕೊಂಡರು.

“ನಡುಮನೆ ಎರಡರಷ್ಟು ಮಾಡ್ತೀನಿ ಅಂದಿದ್ದನಂತೆ, ಛಾಯಾ ಫೋನಲ್ಲಿ ಹೇಳಿದ್ಲು,” ಸವಿತಾಬಾ ಗೆಳತಿಗೆ ಹೆಮ್ಮೆಯಿಂದ ಹೇಳಿದರು. “ಮಾಡೇಬಿಟ್ಟ ನೋಡು!”

ಮಂಗುಬೆನ್ ಪ್ರಸಾದ ಬಾಯಿಗೆ ಹಾಕಿಕೊಂಡು, ಆ ಕಡೆಯ ಹೊಳೆಯುವ ನೆಲವನ್ನೂ ತಮ್ಮ ಕಡೆಯ ಬಿರುಕು ನೆಲವನ್ನೂ ಒಮ್ಮೆ ನೋಡಿದರು.

“ಅರ್ಧ ಆಗಿದೆಯಷ್ಟೇ ಸವಿತಾ. ಈ ಕಡೆಗೆ ಟೈಲ್ಸು ಯಾವಾಗ ಹಾಕಿಸ್ತಾನಂತೆ, ಕೇಳು!”