ಟೈಲರ್ ಅಳತೆಯ ಸೈಕಲ್

ಕೊಂಡರೆ ಇಡೀ ಪೇಟೆ ಬಾಯಿ ಬಿಟ್ಟು ನೋಡುವಂಥ ಸೈಕಲ್ಲನ್ನೇ ಕೊಳ್ಳಬೇಕೆಂದು ಟೈಲರ್ ಮಹಾಶಯರು ಪಣ ತೊಟ್ಟರು. ದಿನವೂ ನಾಲ್ಕು ಮೈಲಿ ತುಳಿದು ಅಂಗಡಿಗೆ ಹೋಗಬೇಕು, ರಜೆಯಲ್ಲಿ ಹಿಂದೊಂದು ಚೀಲ ಕಟ್ಟಿಕೊಂಡು ದೂರದ ಕೆರೆಯ ತನಕ ಸವಾರಿ ಹೊರಡಬೇಕು. ಎರಡಕ್ಕೂ ಅದೊಂದೇ ಆಗಬೇಕು! ಹದಿನೈದು ದಿನ ಟೈರು, ಗೇರು, ಕ್ಯಾರಿಯರ್ ಎಂದು ಜಪ ಮಾಡಿದರು.

ಕೊಳ್ಳುವ ಮುಂಚೆ ಒಮ್ಮೆ ಹತ್ತಿ ಕೂತು ನೋಡಿ ಎಂದಳು ಹೆಂಡತಿ. ಟೈಲರಿಗೆ ಅವಮಾನವಾಯಿತು.

“ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಅಳತೆ ತಗೊಂಡೋನು ನಾನು. ಕೂತು ನೋಡೋದೆಲ್ಲ ಟೇಪಿಲ್ಲದವರ ಗತಿ ಕಣೇ.”

ತಮ್ಮ ಕಾಲನ್ನು ತಾವೇ ಅಳೆದು, ಇದಕ್ಕೆ ಸರಿಯಾಗಿ ಜೋಡಿಸಿ ಕಳಿಸು ಎಂದು ಸೈಕಲ್ ಅಂಗಡಿಯವನಿಗೆ ಚೀಟಿ ಕೊಟ್ಟರು. ಆದರೆ ಮುಂದೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಇರಲಿ ಎಂದು ಪ್ರತಿ ಅಳತೆಗೂ ಎರಡಿಂಚು ಸೇರಿಸುವುದು ಅವರ ಕೈಯ ಚಾಳಿ. ಬಟ್ಟೆ ದೊಗಲೆಯಾಯಿತೆಂದು ಯಾರಾದರೂ ಗೊಣಗಿದರೆ, ‘ಹಾಕ್ಕೊಂಡು ಹಾಕ್ಕೊಂಡು ಸರಿಹೋಗುತ್ತೆ ಬಿಡಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಚೀಟಿ ಬರೆಯುವಾಗಲೂ ಕೈ ತನ್ನ ಕೆಲಸ ಮಾಡಿಯೇಬಿಟ್ಟಿತು.

ಸೈಕಲ್ ಬಂತು. ಮನೆಯ ಮೆಟ್ಟಿಲ ಮೇಲಿಂದ ಸಿಂಹಾಸನವೇರುವಂತೆ ಏರಿ ಹೊರಟರು. ತಮ್ಮ ಅಂಗಡಿಯ ಮುಂದೆ ಕಾಲು ಚಾಚಿದರೆ ನೆಲ ಸಿಗಲಿಲ್ಲ! ಸೀಟು ಇಳಿಸೋಣವೆಂದರೆ ಸೈಕಲ್ ಅಂಗಡಿಯವನು ಅದನ್ನು ಆಗಲೇ ಪೂರ್ತಿ ಇಳಿಸಿ ಕಳಿಸಿದ್ದ. ಹೇಗೋ ಕಂಬ ತಬ್ಬಿಕೊಂಡು ಇಳಿದು, ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟರು.

ಸಂಜೆ ಅದೇ ಕಂಬ ಹಿಡಿದು ಹತ್ತಿ ಮನೆ ತಲುಪಿದರೆ ಮೆಟ್ಟಿಲಿಗೆ ಒತ್ತಿಕೊಂಡು ಪಕ್ಕದ ಮನೆಯವರ ಕಾರು ನಿಂತಿತ್ತು. ತಬ್ಬಿಕೊಳ್ಳಲು ಕಂಬವೂ ಇಲ್ಲ, ಇಳಿಯುವ ದಾರಿಯೇ ಇಲ್ಲ. ಬಿದ್ದರೆ ಮುರಿದ ಮೂಳೆಯನ್ನು ಸೇರಿಸಬಹುದು, ಟೇಪಿನ ಮಾನ ಹರಿದರೆ ಯಾವ ದಾರದಿಂದ ಹೊಲಿಯುವುದು? ಬೀದಿ ಸುತ್ತತೊಡಗಿದರು. ಮೊದಲ ಸುತ್ತಿಗೆ ಹೆಂಡತಿಗೆ ಕೈ ಬೀಸಿದರು. ಎರಡನೆಯದಕ್ಕೆ ನಿವೃತ್ತ ಮೇಷ್ಟ್ರು ಈ ವಯಸ್ಸಿನ ಉತ್ಸಾಹವನ್ನು ಹೊಗಳಿದರು. ಮೂರನೆಯದಕ್ಕೆ ಬ್ಯಾಂಕಿನ ಗುಮಾಸ್ತ ಪಕ್ಕದಲ್ಲೇ ಓಡುತ್ತ ತನ್ನ ಕೋಟಿನ ಗತಿಯೇನೆಂದು ಕೇಳಿದ. ಆ ಸ್ಥಿತಿಯಲ್ಲೂ ನಾಳೆ ಸಂಜೆ ಬನ್ನಿ ಎಂದರು. ಕೆರೆಗೆಂದು ಎತ್ತಿಟ್ಟಿದ್ದ ದೂರವೆಲ್ಲ ಬೀದಿಯಲ್ಲೇ ಖರ್ಚಾಗುತ್ತಿತ್ತು.

ಏಳನೆಯ ಸುತ್ತಿಗೆ ತೊಡೆ ನಡುಗಿ, ಜಂಬ ಇಳಿಯಿತು.

“ಸ್ವಲ್ಪ ಹಿಡ್ಕೊಳ್ಳೇ.”

“ಯಾಕ್ರೀ?” ಎಂದು ಅವಳು ಕೇಳುವಷ್ಟರಲ್ಲಿ ಸೈಕಲ್ ತಿರುವು ದಾಟಿತ್ತು. ಉತ್ತರ ಎಂಟನೆಯ ಸುತ್ತಿಗೆ ಬಂತು.

“ಕಾಲು ಎಟುಕ್ತಿಲ್ಲ ಕಣೇ.”

“ಎಷ್ಟು?”

ಒಂಬತ್ತನೆಯ ಸುತ್ತಿನಲ್ಲಿ ಬೀದಿಗೆ ಬೀದಿಯೇ ಕಿವಿಗೊಟ್ಟು ನಿಂತಿತ್ತು.

“ಎರಡೇ ಇಂಚು.”

ಹತ್ತನೆಯ ಸುತ್ತಿಗೆ ಹೆಂಡತಿ, ಗಂಡನೇ ಹೊಲಿದುಕೊಟ್ಟ ಅಂಗಿಯ ಜೋಲು ತೋಳನ್ನು ಮೊಣಕೈ ತನಕ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಿಡಿಯಲು ಬರುತ್ತಾಳೆಂದು ಟೈಲರ್ ಆಸೆಯಿಂದ ಹ್ಯಾಂಡಲ್ ತಿರುಗಿಸಿದರು. ಅವಳು ಇನ್ನೊಂದು ತೋಳನ್ನೂ ಏರಿಸಿಕೊಂಡು ತಣ್ಣಗೆ ಹೇಳಿದಳು:

“ತುಳಿದು ತುಳಿದು ಸರಿಹೋಗುತ್ತೆ ಬಿಡಿ.”